ವಲ್ಲಿಯ ಕೆಳಗಿನ ಇಂಗ್ಲಿಷ್

ನಮ್ಮ ಮನೆಯಲ್ಲಿ ಒಂದು ಕಡೆ ನೆಟ್ಟಗೆ ಕೂತಿರುವುದು ಯಾರಿಗೂ ಬರುತ್ತಿರಲಿಲ್ಲ. ಸಾಂಗ್ಲಿ ಪೇಟೆಯ ಆ ಉದ್ದನೆಯ ಮನೆಯ ಮುಂಭಾಗದಲ್ಲಿ ಅಜ್ಜನ ಅರಿಸಿನದ ಅಡತಿ ಅಂಗಡಿ; ಹಿಂಭಾಗದಲ್ಲಿ ಅಡುಗೆಮನೆ, ದೇವರ ಕೋಣೆ, ಬಚ್ಚಲು, ನಾವು ಮಲಗುವ ಎರಡು ಕತ್ತಲ ಕೋಣೆಗಳು. ನಡುವೆ ಒಂದು ಪಡಸಾಲೆ. ಆ ಪಡಸಾಲೆ ಬೆಳಿಗ್ಗೆ ಮನೆಗೆ ಸೇರಿದ್ದು, ಪೇಟೆ ಏರಿ ವ್ಯಾಪಾರ ಶುರುವಾಯಿತೆಂದರೆ ಅಂಗಡಿಗೆ ಸೇರಿದ್ದು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಅಜ್ಜ ಪಡಸಾಲೆಯಿಂದ ಬಾಗಿಲಿಗೆ, ಬಾಗಿಲಿಂದ ಪಡಸಾಲೆಗೆ ಓಡಾಡಲು ಶುರು ಮಾಡುತ್ತಿದ್ದ. ಹರಿಪುರದ ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟ ಅರಿಸಿನ ನೋಡಿ ಬರುತ್ತೇನೆಂದು ಹೋದ ಅಪ್ಪ ಯಾವಾಗ ತಿರುಗಿ ಬರುತ್ತಾನೆಂದು ಸ್ವತಃ ಅವನಿಗೇ ಗೊತ್ತಿರುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವ ನಡುವೆಯೇ ಮೂರು ಸಲ ಎದ್ದು ಹಿತ್ತಿಲಿಗೆ ಹೋಗಿಬರುತ್ತಿದ್ದಳು. ನಾನಂತೂ ರೊಟ್ಟಿಯೊಳಗೆ ಶೇಂಗಾ ಹಿಂಡಿ ಹಾಕಿ ಸುರುಳಿ ಸುತ್ತಿಕೊಂಡು ನಡೆಯುತ್ತಲೇ ತಿನ್ನುವವಳು. ಅದಕ್ಕಾಗಿ ಬೈಸಿಕೊಳ್ಳದ ದಿನವಿಲ್ಲ. ಆ ಮನೆಯಲ್ಲಿ ಸಮಾಧಾನದಿಂದ ಕೂತಿರುತ್ತಿದ್ದದ್ದು ಅರಿಸಿನದ ಪುಡಿಯೊಂದೇ. ಜಂತಿಯ ಮೇಲೆ, ಕಂದೀಲಿನ ಗಾಜಿನ ಮೇಲೆ, ನಮ್ಮ ಉಗುರುಗಳ ಸಂದಿಯಲ್ಲಿ, ಎಲ್ಲೆಲ್ಲೂ ಅದು ಇತ್ತು.

ಈ ಎಲ್ಲರನ್ನೂ ಮೀರಿಸಿದವಳು ನೀಲತ್ತೆ, ಅಪ್ಪನ ತಂಗಿ. ಅವಳನ್ನು ಮಿರಜಿಗೆ ಕೊಟ್ಟಿದ್ದರು. ಗಂಡ ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ಕಂಪೌಂಡರ್. ದವಾಖಾನೆಯ ಆವರಣದ ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಸಂಸಾರ ಮಾಡಿದಳು. ಪಕ್ಕದ ಕೋಣೆಯಲ್ಲಿದ್ದ ಬಿಳಿಯ ನರ್ಸ್‌ಬಾಯಿಯೊಬ್ಬಳು ಇವಳಿಂದ ರೊಟ್ಟಿ ಬಡಿಯುವುದನ್ನು ಕಲಿಯಲು ಬಂದು, ಬದಲಿಗೆ ಇವಳಿಗೆ ಇಂಗ್ಲಿಷ್ ಕಲಿಸಿದಳಂತೆ. ನರ್ಸ್‌ಬಾಯಿಗೆ ರೊಟ್ಟಿ ಕೊನೆಗೂ ಬರಲಿಲ್ಲ, ಅತ್ತೆಗೆ ಇಂಗ್ಲಿಷ್ ಬಂತು. ಆಮೇಲೆ ವಿಷಮಜ್ವರ ಬಂದು, ಊರಿಗೆಲ್ಲ ಔಷಧಿ ಕಟ್ಟಿ ಕೊಡುತ್ತಿದ್ದ ಮಾವ ತಾನೇ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ಅತ್ತೆ ತವರಿಗೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ, ನನಗೆ ಎಂಟು. ಆ ಟ್ರಂಕನ್ನು ಅವಳು ಪೂರ್ತಿ ಬಿಚ್ಚಿ ಸೀರೆಗಳನ್ನು ಗೂಡಿಗೆ ಇಟ್ಟಿದ್ದನ್ನು ನಾನು ಬಹಳ ದಿನ ನೋಡಲಿಲ್ಲ. ಬೇಕಾದ ಸೀರೆ ಎಳೆದುಕೊಂಡು ಮತ್ತೆ ಮುಚ್ಚಿಬಿಡುತ್ತಿದ್ದಳು.

ಅದಕ್ಕೆ ಕಾರಣವಿತ್ತು. ನಮ್ಮವರಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ಅಡ್ಡಿಯಿಲ್ಲ. ಅದಕ್ಕೆ ಉಡಿಕಿ ಎನ್ನುತ್ತಾರೆ. ಸಲಗರೆಯ ಒಬ್ಬ ರೈತ, ಹೆಂಡತಿಯನ್ನು ಕಳಕೊಂಡು ಮೂರು ಮಕ್ಕಳನ್ನು ಇಟ್ಟುಕೊಂಡವನು, ಉಡಿಕಿ ಮಾಡಿಕೊಳ್ಳುತ್ತೇನೆಂದು ಅಜ್ಜನಿಗೆ ಹೇಳಿ ಕಳಿಸಿದ್ದ. ಹೊಲವಿತ್ತು, ಬಾವಿಯಿತ್ತು, ಮನುಷ್ಯ ಒಳ್ಳೆಯವನೆಂದು ಹೇಳುತ್ತಿದ್ದರು. ಬೇರೆ ಜಾತಿಗಳ ವಿಧವೆಯರ ಪಾಡು ಕಂಡವರು ಇದು ನೀಲವ್ವನ ಪುಣ್ಯ ಎನ್ನುತ್ತಿದ್ದರು. ನೀಲವ್ವನಿಗೆ ಆ ಪುಣ್ಯ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದು ಕಲಿಸುವ ಕೆಲಸ. ಸಂಸ್ಥಾನದ ಹುಡುಗಿಯರ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಬಾಯಿಮಾತಿನಲ್ಲೇ ಇಂಗ್ಲಿಷ್ ಕಲಿಸುವ ವರ್ಗ ತೆರೆಯುತ್ತಾರೆ, ಅದಕ್ಕೊಬ್ಬಳು ಹೆಂಗಸು ಬೇಕು ಎಂಬ ಸುದ್ದಿ ಅದೇ ಬೇಸಿಗೆಯಲ್ಲಿ ನಮ್ಮ ಓಣಿಗೆ ಬಂತು. ಅತ್ತೆ ಮಾರನೆಯ ದಿನವೇ ಹೋಗಿ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕಂಡುಬಂದಳು. ಊರೆಲ್ಲ ಅವರನ್ನು ಮೋಠ್ಯಾ ಬಾಯಿ, ಅಂದರೆ ಮರಾಠಿಯಲ್ಲಿ ದೊಡ್ಡ ಅಮ್ಮನವರು, ಎಂದೇ ಕರೆಯುತ್ತಿತ್ತು. ಅವರು ಹೇಳಿದ್ದಿಷ್ಟು: ನಿನ್ನ ಹತ್ತಿರ ಯಾವ ಪರೀಕ್ಷೆಯ ಕಾಗದವೂ ಇಲ್ಲ. ಬೇಸಿಗೆಯಲ್ಲಿ ನಾಲ್ಕೈದು ಮಕ್ಕಳಿಗೆ ನೀನೇ ಕಲಿಸು, ಶಾಲೆ ಶುರುವಾಗುವ ಮೊದಲು ನಿಮ್ಮ ಮನೆಗೇ ಬಂದು ನೋಡುತ್ತೇನೆ. ಮಕ್ಕಳಿಗೆ ಬಂದಿದ್ದರೆ ನಿನ್ನ ಹೆಸರು ಬರೆದು ಕಳಿಸುತ್ತೇನೆ.

ಅಜ್ಜನ ಮುಂದೆ ಅತ್ತೆ ನಿಂತುಕೊಂಡೇ ಮಾತಾಡಿದಳು. ನಾನು ಬಾಗಿಲ ಹಿಂದೆ ಇದ್ದೆ.

“ಅಪ್ಪಾ, ಶಾಳಿ ಸುರು ಆಗೂತನಕ ತಡೀರಿ. ಬಾಯಾರು ಹೂಂ ಅಂದ್ರ ನಾ ಇಲ್ಲೇ ಇರ್ತೀನಿ. ಇಲ್ಲಂದ್ರ ನೀವು ಹೇಳಿದಲ್ಲಿ ಹೋಗ್ತೀನಿ. ಎದುರು ಮಾತಾಡಂಗಿಲ್ಲ.”

“ಸಲಗರಿಯವ್ರು ಅಲ್ಲೀತನಕ ಕಾಯಬೇಕಲ್ಲವಾ?”

“ಕಾಯದಿದ್ರ ಇನ್ನೂ ಛಲೋ ಆತ್ರಿ.”

ಅಜ್ಜ ಹೂಂ ಅಂದ. ಹೆಣ್ಣುಮಗಳ ಹಟ ಒಂದು ಬೇಸಿಗೆಗೆ ಮುಗಿಯುತ್ತದೆಂದು ಅವನ ಲೆಕ್ಕವಿದ್ದಿರಬೇಕು. ಅತ್ತೆ ಅಂದೇ ಓಣಿಯಲ್ಲಿ ತಿರುಗಿ ಮಕ್ಕಳನ್ನು ಕೂಡಿಸಿದಳು: ಎದುರು ಮನೆಯ ಜೈನರ ಇಬ್ಬರು ಹುಡುಗಿಯರು, ಬೆಲ್ಲದ ಅಂಗಡಿಯವರ ಅವಳಿ ಮಕ್ಕಳು, ಮತ್ತು ನಾನು. ನಾನೇ ಎಲ್ಲರಿಗಿಂತ ದೊಡ್ಡವಳು, ಮನೆಯವಳು, ಮೊದಲು ಕಲಿಯಬೇಕಾದವಳು. ಅತ್ತೆಯ ನಂಬಿಕೆಯೆಲ್ಲ ನನ್ನ ಮೇಲೆ ಇತ್ತು. ಅದನ್ನು ಅವಳು ದಿನಕ್ಕೆ ಹತ್ತು ಸಲ ನನಗೆ ಹೇಳುತ್ತಿದ್ದಳು, ಅಷ್ಟೇ ಸಲ ನನಗೆ ಸಿಟ್ಟು ಬರುತ್ತಿತ್ತು.

ಮಕ್ಕಳೇನೋ ಸಿಕ್ಕರು, ಕಲಿಸಲು ಕೈಯಲ್ಲಿ ಏನೂ ಇರಲಿಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಒಂದೇ ಒಂದು ಇಂಗ್ಲಿಷ್ ಪುಸ್ತಕ ಮರಾಠಿಯಲ್ಲಿ ಅರ್ಥ ಹೇಳುವಂಥದ್ದು. ನಾವು ಮನೆಯಲ್ಲಿ ಕನ್ನಡದವರು, ಹೊಸ್ತಿಲು ದಾಟಿದರೆ ಮರಾಠಿಯವರು; ಅವಳಿ ಮಕ್ಕಳಿಗಂತೂ ಎರಡರಲ್ಲೂ ಒಂದಕ್ಷರ ಓದಲು ಬರುತ್ತಿರಲಿಲ್ಲ. ಅರ್ಥ ಹೇಳಬಾರದು, ವಸ್ತುವನ್ನೇ ಕೈಗೆ ಕೊಡಬೇಕು ಎಂಬುದು ನರ್ಸ್‌ಬಾಯಿಯಿಂದ ಅತ್ತೆ ಕಲಿತ ಪಾಠ. ಹಾಗಾಗಿ ಅವಳಿಗೆ ಚಿತ್ರ ಬೇಕು, ಆಟಿಕೆ ಬೇಕು, ಸಣ್ಣ ಸಣ್ಣ ಸಾಮಾನು ಬೇಕು. ಆ ಬೇಸಿಗೆಯಲ್ಲಿ ಅವಳು ನೋಡಿದ ಯಾವ ವಸ್ತುವೂ ತನ್ನ ಪಾಡಿಗೆ ತಾನಿರಲು ಸಾಧ್ಯವಾಗಲಿಲ್ಲ. ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರ ಬಿಡಿಸಿಕೊಂಡಳು. ಚಹಾದ ಡಬ್ಬಿ ತೊಳೆದು ಒಣಗಿಸಿದಳು. ಜವಳಿ ಅಂಗಡಿಗಳ ಹಿಂಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಗಿರಣಿಯ ಬಟ್ಟೆಯ ಸುರುಳಿಗಳಿಗೆ ಅಂಟಿಸಿ ಬರುತ್ತಿದ್ದ ಬಣ್ಣದ ಚಿತ್ರಗಳನ್ನು ಬೇಡಿಸಿದಳು. ಆನೆ, ಗಿಳಿ, ರಾಜ, ದೋಣಿ, ಏನೆಲ್ಲ ಇರುತ್ತಿದ್ದವು. ಆದರೆ ಆನೆಯ ಕೆಳಗೆ ಗಿರಣಿಯ ಹೆಸರು ಅಚ್ಚಾಗಿರುತ್ತಿತ್ತು. ಮಕ್ಕಳು ಅದೇ ಆನೆಯ ಹೆಸರೆಂದು ತಿಳಿದಾರೆಂದು ಕತ್ತರಿ ಹಿಡಿದು ಅಕ್ಷರವನ್ನೆಲ್ಲ ಕತ್ತರಿಸಿ ಎಸೆಯುತ್ತಿದ್ದಳು. ಅಂಟಿಗೆ ಅಂಬಲಿಯ ತಿಳಿ. ಚಿತ್ರ ಅಂಟಿಸಿದ ರಟ್ಟನ್ನು ಬಿಸಿಲಿಗೆ ಇಟ್ಟರೆ ಇರುವೆ ಬರುತ್ತಿದ್ದವು, ಇರುವೆ ಓಡಿಸಲು ಕೂರುತ್ತಿದ್ದವಳು ನಾನು.

ಅವ್ವನಿಗೂ ಅವಳಿಗೂ ದಿನಾ ಜಗಳ. ಅವ್ವನ ಅಡುಗೆಮನೆಯ ಅರ್ಧ ಸಾಮಾನು ಪಡಸಾಲೆಯಲ್ಲಿರುತ್ತಿತ್ತು.

“ನೀಲವ್ವ, ನನ್ನ ಲಟ್ಟಣಗಿ ಎಲ್ಲಿ?”

“ಪಾಠಕ್ಕ ಒಯ್ದೇನ್ರಿ ವೈನಿ. ಈಗ ತಂದ ಕೊಡ್ತೀನಿ.”

“ಮೊನ್ನಿ ಉಪ್ಪಿನ ಡಬ್ಬಿ ಹೋಗಿತ್ತು, ನಿನ್ನಿ ಸಾಣಿಗಿ. ನಾಳೆ ನನ್ನೂ ಒಯ್ದು ಅಲ್ಲಿ ನಿಲ್ಲಸು. ಇದಕ್ಕ ಇಂಗ್ಲೀಷಿನ್ಯಾಗ ಏನಂತಾರ ಅಂತ ಕೇಳು.”

ಅತ್ತೆ ಮಾರನೆಯ ದಿನ ನಿಜವಾಗಿಯೂ ಅವ್ವನ ಕೈ ಹಿಡಿದು ಎಳೆದುಕೊಂಡು ಬಂದು ನಮ್ಮ ಮುಂದೆ ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲಿ ನಿಂತ ಅವ್ವನನ್ನು ನೋಡಿ ಐದು ಜನವೂ ಮದರ್ ಎಂದೆವು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು; ಅಂದು ಮಧ್ಯಾಹ್ನ ಲಟ್ಟಣಿಗೆಯ ಸುದ್ದಿ ತೆಗೆಯಲಿಲ್ಲ. ಮರುದಿನ ಮತ್ತೆ ತೆಗೆದಳು.

ಒಂದು ದಿನ ಅತ್ತೆ ನನ್ನನ್ನು ಕರೆದುಕೊಂಡು ಮಿರಜಿಗೆ ಹೋದಳು. ಸಣ್ಣ ರೈಲು, ಕೂತು ಸೀಟು ಬೆಚ್ಚಗಾಗುವಷ್ಟರಲ್ಲಿ ಇಳಿಯಬೇಕು. ಅಷ್ಟು ಹೊತ್ತೂ ಅತ್ತೆ ಕಿಟಕಿಯಿಂದ ಆಚೆ ಕಂಡದ್ದನ್ನೆಲ್ಲ ತೋರಿಸಿ ಹೆಸರು ಹೇಳಿಸಿದಳು, ಎದುರಿನ ಹೆಂಗಸರು ನಮ್ಮನ್ನು ನೋಡಿ ಪಿಸುಗುಟ್ಟಿದರು, ನನಗೆ ನಾಚಿಕೆಯಾಯಿತು. ದವಾಖಾನೆಯಲ್ಲಿ ಅವಳ ನರ್ಸ್‌ಬಾಯಿ ಇರಲಿಲ್ಲ, ತನ್ನ ದೇಶಕ್ಕೆ ಹೋಗಿಬಿಟ್ಟಿದ್ದಳು. ಬೇರೊಬ್ಬರು ಹಳೆಯ ಕ್ಯಾಲೆಂಡರು, ಖಾಲಿ ದಾರದ ರೀಲು, ಹತ್ತಿಯ ಪೆಟ್ಟಿಗೆ ಕೊಟ್ಟರು. ಅತ್ತೆ ತಾನು ಸಂಸಾರ ಮಾಡಿದ್ದ ಕೋಣೆಯ ಕಡೆ ತಿರುಗಿಯೂ ನೋಡದೆ ಸರಸರ ಹೊರಗೆ ಬಂದಳು. ಆಮೇಲೆ ಸಿತಾರು ತಂಬೂರಿ ಮಾಡುವವರ ಓಣಿಗೆ ಹೋದೆವು. ಸೀಳಿದ ಸೋರೆಬುರುಡೆಗಳು, ಮರದ ಹೊಟ್ಟು, ಅರಗಿನ ವಾಸನೆ. ಒಬ್ಬ ಮುದುಕ ಕಸದೊಳಗೆ ಕೈಯಾಡಿಸಿ ಒಂದು ತುಂಡು ತಂತಿ, ಬುರುಡೆಯ ಚೂರು, ತಂತಿ ಬಿಗಿಯುವ ಮರದ ಖುಂಟಿಯೊಂದನ್ನು ಆರಿಸಿ ಅತ್ತೆಯ ಸೆರಗಿಗೆ ಹಾಕಿದ. ಖುಂಟಿಯ ತುದಿ ಮುರಿದಿತ್ತು. ಅತ್ತೆಗೆ ಬಂಗಾರ ಸಿಕ್ಕಷ್ಟು ಖುಷಿಯಾಯಿತು.

ತಿರುಗಿ ಬಂದ ಸಂಜೆ ನನಗೂ ಅವಳಿಗೂ ಜಗಳ ಹತ್ತಿತು. ಜವಳಿ ಅಂಗಡಿಯಿಂದ ನಾನು ತಂದ ಚಿತ್ರಗಳಲ್ಲಿ ಒಂದನ್ನು ನನಗೆಂದೇ ಬಚ್ಚಿಟ್ಟುಕೊಂಡಿದ್ದೆ: ಮಾವಿನ ಗಿಡ, ಗಿಡಕ್ಕೆ ಕಟ್ಟಿದ ಜೋಕಾಲಿ, ಅದರ ಮೇಲೊಬ್ಬಳು ಹುಡುಗಿ, ಪಕ್ಕದಲ್ಲಿ ನವಿಲು, ಸುತ್ತ ಬಂಗಾರದ ಬಣ್ಣದ ಅಂಚು. ಅತ್ತೆ ಅದನ್ನು ನನ್ನ ಹಾಸಿಗೆಯ ಕೆಳಗಿಂದ ತೆಗೆದು, ಒಂದೇ ಚಿತ್ರದಲ್ಲಿ ಇಷ್ಟೆಲ್ಲ ಇದ್ದರೆ ಮಕ್ಕಳಿಗೆ ಗೊಂದಲವೆಂದು, ಹುಡುಗಿಯನ್ನು ಬೇರೆ, ಗಿಡವನ್ನು ಬೇರೆ, ನವಿಲನ್ನು ಬೇರೆ ಕತ್ತರಿಸಿ ಮೂರು ರಟ್ಟಿಗೆ ಅಂಟಿಸಿಬಿಟ್ಟಳು. ಜೋಕಾಲಿಯಿಂದ ಬಿಡಿಸಿದ ಆ ಹುಡುಗಿ ರಟ್ಟಿನ ಮೇಲೆ ಏನೂ ಇಲ್ಲದ ಜಾಗದಲ್ಲಿ ಕೂತಿದ್ದಳು. ನಾನು ಅತ್ತು, ಕಾಲು ಬಡಿದು, ಅವತ್ತಿನ ಪಾಠದಲ್ಲಿ ಗೋಡೆಯ ಕಡೆ ಮುಖ ಮಾಡಿ, ಕಿವಿಯಲ್ಲಿ ಬೆರಳಿಟ್ಟುಕೊಂಡು ಕೂತೆ. ಮಿರಜಿನಿಂದ ತಂದ ಸಾಮಾನುಗಳ ಹೆಸರನ್ನೆಲ್ಲ ಅತ್ತೆ ಅವತ್ತೇ ಹೇಳಿಕೊಟ್ಟಳು. ಉಳಿದ ನಾಲ್ವರು ಕಲಿತರು. ನಾನು ದೊಡ್ಡವಳು, ನನಗೆ ಬಂದೇ ಇರುತ್ತದೆಂದು ಅವಳು ಮತ್ತೆ ಕೇಳಲಿಲ್ಲ. ನನ್ನ ಹಟ, ನಾನೂ ಕೇಳಲಿಲ್ಲ.

ಇನ್ನು ಕಲಿಸುವ ರೀತಿ. ಪಡಸಾಲೆಯಲ್ಲಿ ನಾವು ಕೂಗಿ ಹೇಳುವಂತಿರಲಿಲ್ಲ. ಪೇಟೆ ಏರಿದ ಮೇಲೆ ರೈತರು, ವ್ಯಾಪಾರಿಗಳು ಬಂದು ಕೂರುತ್ತಿದ್ದರು. ಒದರಬ್ಯಾಡ್ರಿ ಎಂದು ಅಜ್ಜ ದಿನಕ್ಕೆ ನಾಲ್ಕು ಸಲ ಗದರುತ್ತಿದ್ದ. ಅತ್ತೆ ಎರಡು ದಿನ ಚಡಪಡಿಸಿದಳು. ಮೂರನೆಯ ದಿನ ಅಜ್ಜನ ಹಳೆಯ ವಲ್ಲಿಯೊಂದನ್ನು ಎತ್ತಿಕೊಂಡು ಬಂದಳು. ವಲ್ಲಿ ಎಂದರೆ ಹೆಗಲ ಮೇಲೆ ಹಾಕಿಕೊಳ್ಳುವ ಬಟ್ಟೆ. ಅರಿಸಿನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ವಲ್ಲಿಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಒತ್ತಿ ಮಾತಾಡುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ಒಳಗೆ ಏನು ನಡೆಯಿತೆಂದು ಆ ಇಬ್ಬರಿಗೆ ಮಾತ್ರ ಗೊತ್ತು. ಒಳಗಿನದನ್ನು ಹೊರಗೆ ಹೇಳಿದವನ ಹತ್ತಿರ ಮತ್ತೆ ಯಾರೂ ವ್ಯವಹಾರ ಮಾಡುವುದಿಲ್ಲ. ಮೂರನೆಯವನು ವಲ್ಲಿಗೆ ಕೈ ಹಚ್ಚುವುದಂತೂ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚು. ನಡೆಯಲು ಕಲಿಯುವ ಮೊದಲೇ ನಾವು ಇದನ್ನು ಆಟವಾಗಿ ಆಡಿದವರು. ಅತ್ತೆ ವಲ್ಲಿಯ ಕೆಳಗೆ ನಮ್ಮ ಕೈಗೆ ಒಂದು ವಸ್ತು ಇಡುತ್ತಿದ್ದಳು. ಮುಟ್ಟಿ ನೋಡಿ, ಅವಳ ಕಿವಿಯಲ್ಲಿ ಇಂಗ್ಲಿಷ್ ಹೆಸರು ಹೇಳಬೇಕು. ಸ್ಪೂನ್, ರಿಂಗ್, ಕೀ, ಲೆಮನ್. ಅವಳಿ ಮಕ್ಕಳು ಕೂಡ ಅತ್ತಿಂದಿತ್ತ ಅಲ್ಲಾಡದೆ, ದೊಡ್ಡ ವ್ಯಾಪಾರಿಗಳ ಮುಖ ಮಾಡಿಕೊಂಡು ಕೂರುತ್ತಿದ್ದರು. ಅಂಥ ಗಂಭೀರ ಶಾಲೆಯನ್ನು ನಾನು ಮತ್ತೆ ಕಂಡಿಲ್ಲ. ಒಂದು ತಿಂಗಳಲ್ಲಿ ನಮಗೆ ನೂರಾರು ಹೆಸರು ಬಂದವು. ಎಲ್ಲವೂ ಪಿಸುಮಾತಿನಲ್ಲಿ.

ಮೋಠ್ಯಾ ಬಾಯಿ ಬಂದದ್ದು ಪೇಟೆ ಏರಿದ ಹೊತ್ತಿಗೆ. ಬೆಳಿಗ್ಗೆ ಬರುತ್ತಾರೆಂದು ಅವ್ವ ಸಾರಿಸಿ, ರಂಗೋಲಿ ಹಾಕಿ, ಚಹಾದ ನೀರು ಎರಡು ಸಲ ಕಾಯಿಸಿ ಚೆಲ್ಲಿದ್ದಳು. ಅತ್ತೆ ಮೂರು ಸಲ ಸೀರೆ ಬದಲಿಸಿದಳು. ಅವರು ಬರುವಷ್ಟರಲ್ಲಿ ಸಮಡೋಳಿಯ ಇಬ್ಬರು ರೈತರು ಗಾಡಿಯಲ್ಲಿ ಅರಿಸಿನ ಹಾಕಿಕೊಂಡು ಬಂದು ಪಡಸಾಲೆಯ ಒಂದು ಬದಿಗೆ ಕೂತುಬಿಟ್ಟಿದ್ದರು. ಅಜ್ಜ ಗಾದಿಯ ಮೇಲೆ. ಮೋಠ್ಯಾ ಬಾಯಿ ಎತ್ತರದ ಹೆಂಗಸು, ಕೈಯಲ್ಲಿ ಛತ್ರಿ, ಮಾತು ಕಡಿಮೆ. ಗೋಡೆಗೆ ತೂಗುಹಾಕಿದ ಚಿತ್ರಗಳನ್ನು ಒಂದೊಂದಾಗಿ ನೋಡಿ, ಸಾಲಿನಲ್ಲಿ ಇಟ್ಟದ್ದನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ, ಬೇರೆ ಏನಾದರೂ ಮಾಡಿಸಿ ತೋರಿಸು ಎಂದರು. ಅತ್ತೆಯ ಮುಖ ಅರಳಿತು. ಅವಳಿಗೆ ಬೇಕಾಗಿದ್ದೂ ಅದೇ. ವಲ್ಲಿ ಹಾಸಿದಳು.

ಜೈನರ ಹುಡುಗಿ ಬಂದು ಕೈಯಿಟ್ಟು, ಅತ್ತೆಯ ಕಿವಿಯಲ್ಲಿ ಏನೋ ಹೇಳಿ ಹೋದಳು. ಅವಳ ತಂಗಿ ಬಂದು ಹೇಳಿ ಹೋದಳು. ಅತ್ತೆ ಪ್ರತಿ ಸಲವೂ ತಲೆಯಾಡಿಸಿ, ಸರಿಯಾಗಿದೆ ಎಂದಳು. ಮೋಠ್ಯಾ ಬಾಯಿಗೆ ಒಂದಕ್ಷರವೂ ಕೇಳಿಸಲಿಲ್ಲ. ಅವರು ಮುಂದೆ ಬಾಗಿ, ಅತ್ತೆಯ ಬಾಯಿಯನ್ನೇ ನೋಡತೊಡಗಿದರು. ಅವಳೇ ಹೇಳಿಕೊಡುತ್ತಿದ್ದಾಳೇನೋ ಎಂಬ ಸಂಶಯ ಅವರಿಗೆ ಬಂದದ್ದು ನನಗೂ ತಿಳಿಯಿತು. ದೊಡ್ಡವಳನ್ನು ಕರೆ ಎಂದರು. ನಾನು ಹೋಗಿ ಕೂತು ಕೈ ಒಳಗಿಟ್ಟೆ. ಅತ್ತೆ ನನ್ನ ಅಂಗೈಗೆ ಒಂದು ವಸ್ತು ಇಟ್ಟು, ಅದರ ಮೇಲೆ ತನ್ನ ಕೈ ಮುಚ್ಚಿದಳು. ಮುರಿದ ತುದಿ ಬೆರಳಿಗೆ ತಾಕಿತು. ಮಿರಜಿನ ಖುಂಟಿ.

“ಮೋಠ್ಯಾನೆ ಬೋಲ್, ಬಾಳ,” ಎಂದರು ಮೋಠ್ಯಾ ಬಾಯಿ. ಗಟ್ಟಿಯಾಗಿ ಹೇಳು, ಮಗು ಎಂದು.

ನನಗೆ ಹೆಸರು ಗೊತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತ ಸಂಜೆಯೇ ನನ್ನ ಕಣ್ಣಮುಂದೆ ಬಂತು. ಅತ್ತೆ ನಗುತ್ತಾ ಕಾಯುತ್ತಿದ್ದಳು, ಅಜ್ಜ ನೋಡುತ್ತಿದ್ದ, ರೈತರು ನೋಡುತ್ತಿದ್ದರು. ಸಲಗರೆಯ ಹೊಲ, ಬಾವಿ, ಆ ಮೂರು ಮಕ್ಕಳು, ನಾನು ಕಾಣದ ಅದೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದೆ ಎನಿಸಿತು. ನಾನು ಬಾಯಿ ಬಿಡಲಿಲ್ಲ. ಅವರು ಇನ್ನೊಂದು ಸಲ ಹೇಳಿದರು. ನಾನು ನೆಲ ನೋಡಿದೆ. ಆಗ ಅವರು, ಒಳಗೇನಿದೆ ನೋಡೋಣ ಎಂದು, ಸಹಜವಾಗಿ, ಸಿಟ್ಟೂ ಇಲ್ಲದೆ, ಕೈ ಚಾಚಿ ವಲ್ಲಿಯನ್ನು ಎತ್ತಿಬಿಟ್ಟರು.

“ಬಾಯಾರ, ವಲ್ಲಿಗೆ ಕೈ ಹಚ್ಚಬ್ಯಾಡ್ರಿ,” ಎಂದ ಅಜ್ಜ. ಅಷ್ಟರಲ್ಲಿ ಅದು ಆಗಿಹೋಗಿತ್ತು. ಸಮಡೋಳಿಯವರು ಇಬ್ಬರೂ ಎದ್ದು ನಿಂತರು. ನಾನು ಖುಂಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬೆನ್ನ ಹಿಂದೆ ಮಾಡಿದೆ. ಅದನ್ನು ಕಂಡರೆ, ಇಷ್ಟು ಸಣ್ಣ ವಸ್ತುವಿನ ಹೆಸರು ನನಗೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಮೋಠ್ಯಾ ಬಾಯಿ ಕೈ ತೋರಿಸು ಎಂದರು. ನಾನು ತೋರಿಸಲಿಲ್ಲ. ಅವಳಿ ಮಕ್ಕಳಲ್ಲಿ ಒಬ್ಬನು ಅಳಲು ಶುರು ಮಾಡಿದ, ಇನ್ನೊಬ್ಬನು ಜೊತೆ ಕೊಟ್ಟ. ಆಮೇಲೆ ಯಾವ ಮಗುವೂ ಒಂದು ಮಾತು ಹೇಳಲಿಲ್ಲ. ಮೋಠ್ಯಾ ಬಾಯಿ ಎದ್ದು ಛತ್ರಿ ತೆಗೆದುಕೊಂಡರು. ನೀನು ಬಹಳ ಕಷ್ಟಪಟ್ಟಿದ್ದೀಯ, ಆದರೆ ಬಾಯಿ ಬಿಡದ ಮಕ್ಕಳಿಗೆ ಭಾಷೆ ಬಂದಿದೆಯೆಂದು ನಾನು ಹೇಗೆ ಬರೆದು ಕಳಿಸಲಿ ಎಂದು ಅತ್ತೆಗೆ ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಚಹಾ ಮುಟ್ಟದೆ ಹೋದರು.

ಅತ್ತೆ ಗೋಡೆಯ ಚಿತ್ರಗಳನ್ನು ಒಂದೊಂದಾಗಿ ಇಳಿಸಿದಳು. ಡಬ್ಬಿ, ಸಾಣಿಗೆ, ಲಟ್ಟಣಿಗೆ ಎಲ್ಲ ಒಯ್ದು ಅವ್ವನ ಅಡುಗೆಮನೆಯಲ್ಲಿ ಅವುಗಳ ಜಾಗದಲ್ಲೇ ಇಟ್ಟಳು. ಅವ್ವ ಬೈಯದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಆಮೇಲೆ ಅತ್ತೆ ಕೋಣೆಗೆ ಹೋಗಿ, ಹಗ್ಗದ ಮೇಲಿನ ಸೀರೆಗಳನ್ನು ಎಳೆದು ಮಡಿಚಿ ಟ್ರಂಕಿಗೆ ಹಾಕತೊಡಗಿದಳು. ಮಾತು ಕೊಟ್ಟಿದ್ದಳಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಅವಳು ನನ್ನ ಕಡೆ ನೋಡಲಿಲ್ಲ. ಖುಂಟಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಊಟದ ಹೊತ್ತಿಗೂ ನಾನು ಎಡಗೈಯನ್ನು ಬಿಚ್ಚಲಿಲ್ಲ.

ಪೇಟೆ ಇಳಿದ ಮೇಲೆ ಅಜ್ಜ ಎಲ್ಲರನ್ನೂ ಪಡಸಾಲೆಗೆ ಕರೆದ. ಅವನ ಮುಖ ಕೆಂಪಾಗಿತ್ತು. ಅತ್ತೆ ಮಡಿಚುತ್ತಿದ್ದ ಸೀರೆ ಕೈಯಲ್ಲಿ ಹಿಡಿದುಕೊಂಡೇ ಬಂದಳು.

“ಇಷ್ಟ ವರ್ಷದಾಗ ನಮ್ಮ ಪಡಸಾಲ್ಯಾಗ ವಲ್ಲಿ ಎತ್ತಿದವ್ರು ಯಾರೂ ಇಲ್ಲ. ಎಂಟ ವರ್ಷದ ಕೂಸು, ಅಷ್ಟ ದೊಡ್ಡ ಬಾಯಾರು ಕೇಳಿದ್ರೂ ಮುಟಗಿ ಬಿಡಲಿಲ್ಲ. ಸಮಡೋಳಿಯವ್ರು ಕಣ್ಣಾರೆ ನೋಡಿ ಹೋಗ್ಯಾರ. ಊರೆಲ್ಲ ಹೇಳ್ತಾರ. ನಿಮ್ಮ ಮೊಮ್ಮಗಳು ಪೇಟಿ ಮಾತು ಉಳಿಸಿದ್ಲು ಅಂದ್ರು. ಆ ಶಾಳಿ ನಮಗ ಬ್ಯಾಡ ನೀಲಾ. ನಿನ್ನ ಶಾಳಿ ಇಲ್ಲೇ ನಡೀಲಿ. ನಾ ಅದೇನಿ.”

“ಅಪ್ಪಾ, ಇದು ಸಿಟ್ಟಿನ ಮಾತು. ಸಿಟ್ಟ ಇಳದ ಮ್ಯಾಲ?”

“ಇಳಿಯಂಗಿಲ್ಲ.”

“ಇಳೀತೈತ್ರಿ. ನಿಮ್ಮ ಸಿಟ್ಟ ನನಗ ಗೊತ್ತೈತಿ. ಇರಾಕ ಹೇಳೂದಿದ್ರ ಈಗ ಸಲಗರಿಗೆ ಪತ್ರಾ ಬರದ ಕೊಡ್ರಿ.”

ಅಜ್ಜ ದೌತಿ ಲೆಕ್ಕಣಿಕೆ ತರಿಸಿ, ಉಡಿಕಿ ಬೇಡವೆಂದು ನಾಲ್ಕು ಸಾಲು ಬರೆದ. ಅತ್ತೆ ಆ ಕಾಗದ ಒಣಗುವವರೆಗೂ ಊದಿದಳು, ಮಡಿಚಿದಳು, ಸೆರಗು ಹೊದ್ದುಕೊಂಡು ತಾನೇ ಟಪಾಲು ಪೆಟ್ಟಿಗೆಗೆ ಹಾಕಲು ಹೊರಟಳು. ಓಣಿಯಲ್ಲಿ ಅವಳು ನಡೆದಳೋ ಓಡಿದಳೋ ಹೇಳಲಾರೆ. ತಿರುಗಿ ಬಂದವಳೇ ಟ್ರಂಕಿನ ಸೀರೆಗಳನ್ನೆಲ್ಲ ತೆಗೆದು ಗೂಡಿನಲ್ಲಿ ಜೋಡಿಸಿದಳು.

ಅವತ್ತು ನನಗೆ ತುಪ್ಪ ಬೆಲ್ಲ ಸಿಕ್ಕಿತು. ಬಂದವರಿಗೆಲ್ಲ ಅಜ್ಜ ನನ್ನನ್ನು ಕರೆದು ತೋರಿಸಿದ. ಇವತ್ತಿಗೂ ಯಾರಾದರೂ ಎದುರಿಗೆ ನನ್ನನ್ನು ಹೊಗಳಿದರೆ ನಾನು ಏನೋ ನೆಪ ಹೇಳಿ ಎದ್ದುಹೋಗುತ್ತೇನೆ. ಜನ ಅದನ್ನು ವಿನಯ ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ಅಜ್ಜ ಪೂಜೆ ಮುಗಿಸಿ ತಿರುಗಾಡುತ್ತಿದ್ದಾಗ ನಾನು ಅವನ ಹಿಂದೆ ಹಿಂದೆ ನಡೆದೆ.

“ಅಜ್ಜಾ, ನಿನ್ನಿ ನನ್ನ ಕೈಯಾಗ ಇತ್ತಲ್ಲ, ಅದರ ಹೆಸರು ನನಗ...”

ಅಜ್ಜ ತಿರುಗಿ, ನನ್ನ ಬಾಯಿಯ ಮೇಲೆ ಬೆರಳಿಟ್ಟ. ಆ ಬೆರಳಿಗೆ ವಿಭೂತಿಯ ವಾಸನೆಯಿತ್ತು.

“ವಲ್ಲಿ ಒಳಗಿಂದು ನನಗೂ ಹೇಳಬಾರ್ದವ್ವಾ,” ಎಂದ. ಅಷ್ಟು ಪ್ರೀತಿಯಿಂದ ಅವನು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ನಾನು ಅಡುಗೆಮನೆಗೆ ಬಂದೆ. ಅವ್ವ ಹಿತ್ತಿಲಲ್ಲಿದ್ದಳು. ಅತ್ತೆ ಒಲೆಯ ಮುಂದೆ ಕೂತು ಕಟ್ಟಿಗೆ ಸರಿಮಾಡುತ್ತಿದ್ದಳು. ನನ್ನನ್ನು ನೋಡಿ ಕೈ ಚಾಚಿದಳು. ನಾನು ಖುಂಟಿಯನ್ನು ಅವಳ ಅಂಗೈಗೆ ಇಟ್ಟೆ.

“ನಿನಗ ಹೆಸರು ಬರಲಿಲ್ಲ. ಹೌದಿಲ್ಲೊ?”

ನಾನು ಹೌದೆಂದು ತಲೆಯಾಡಿಸಿದೆ.

“ನಿನ್ನ ಕೈ ನನ್ನ ಕೈಯಾಗ ಇತ್ತಲ್ಲ ಸುಶೀ. ಗೊತ್ತಿದ್ದವರ ಕೈ ಹಂಗ ತಣ್ಣಗಾಗಂಗಿಲ್ಲ.” ಖುಂಟಿಯನ್ನು ಬೆರಳುಗಳಲ್ಲಿ ತಿರುಗಿಸಿದಳು. “ಬಾಯಾರು ಹೇಳಿದ್ದು ಖರೇನ ಐತಿ. ಮನಿಯವರ ಸಿಟ್ಟಿನ ಮ್ಯಾಲ ಉಳಕೊಂಡೆ ನಾ. ಕಲಿಸಿದ್ದರ ಮ್ಯಾಲ ಅಲ್ಲ.”

“ಅಜ್ಜಗ ಹೇಳಲೇನತ್ತಿ?”

ಅವಳು ನನ್ನನ್ನು ನೋಡಿದಳು. ಬೇಡವೆನ್ನುತ್ತಾಳೆಂದು ಕಾದೆ. ಬೇಡ ಎನ್ನಲಿಲ್ಲ, ಹೇಳು ಎಂದೂ ಎನ್ನಲಿಲ್ಲ. ಖುಂಟಿಯನ್ನು ಎತ್ತಿ ನನ್ನ ಕಣ್ಣ ಮುಂದೆ ಹಿಡಿದಳು.

“ಪೆಗ್.”

“ಪೆಗ್,” ಎಂದೆ.

“ಕೇಳಸಲಿಲ್ಲ.”

“ಪೆಗ್.”

“ಇನ್ನೂ ಗಟ್ಟಿ.”

ನಾನು ಗಂಟಲು ಹರಿಯುವಂತೆ ಕೂಗಿದೆ. ಪಡಸಾಲೆಯಲ್ಲಿ ಅಜ್ಜನ ಹೆಜ್ಜೆ ನಿಂತಿತು.

“ಏನದು ಒದರೂದು?”

ಅತ್ತೆಯ ಕಣ್ಣು ನನ್ನ ಮೇಲೇ ಇತ್ತು. ನಾನು ಬಾಗಿಲಿಗೆ ಹೋಗಿ ನಿಂತೆ. ಅಜ್ಜ ಅಲ್ಲಿಂದಲೇ ನನ್ನನ್ನು ನೋಡಿ ನಗುತ್ತಿದ್ದ. ಹೇಳಬೇಕಾದದ್ದೆಲ್ಲ ಬಾಯಿಯವರೆಗೆ ಬಂದಿತ್ತು.

“ಪಾಠ, ಅಜ್ಜಾ,” ಎಂದೆ. “ನನಗ ನಿನ್ನಿನೂ ಬರ್ತಿತ್ತು. ಸುಮ್ನ ಒಮ್ಮಿ ಅಂದು ನೋಡಾಕತ್ತೇನಿ.”

“ಅನ್ನು ಮತ್ತ. ಬಾಯಾರ ಮನೀತನಕ ಕೇಳಸ್ಲಿ.”

ನಾನು ಇನ್ನೊಮ್ಮೆ ಅಂದೆ. ಅತ್ತೆ ನಕ್ಕಿರುತ್ತಾಳೆಂದು ತಿರುಗಿ ನೋಡಿದೆ. ಅವಳು ಒಲೆಯ ಕಡೆ ಮುಖ ಮಾಡಿ ಅಳುತ್ತಿದ್ದಳು.